ಬಾಲಿ ಸುತ್ತಲು ನಿಮ್ಮದೇ ಕಾರು, ನಿಮ್ಮದೇ ಗೈಡ್: ಗೊತ್ತು ಮಾಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದವರಿಗೆ ಬಾಲಿ ಈಗ ದೂರದ ಊರಾಗಿ ಉಳಿದಿಲ್ಲ. ಹೊಸದಾಗಿ ಮದುವೆಯಾದವರು ಹೋಗುತ್ತಾರೆ, ರಿಟೈರ್ ಆದ ಮಾಸ್ತರರೂ ಅಕ್ಕೋರೂ ಹೋಗುತ್ತಾರೆ, ಮಕ್ಕಳ ಸೂಟಿ ನೋಡಿಕೊಂಡು ಇಡೀ ಮನೆತನವೇ ಹೊರಡುವುದೂ ಇದೆ. 2024ರಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾಯಿತು. ಗೋಕುಲ ರೋಡಿನ ಏರ್‌ಪೋರ್ಟಿನಿಂದಲೋ ರಾತ್ರಿ ರೈಲಿನಲ್ಲೋ ಬೆಂಗಳೂರು ಮುಟ್ಟಿದರೆ ಸಾಕು. ಅಲ್ಲಿಗೆ ಹೋಗುವುದು ಸುಲಭ. ಇಳಿದ ಮೇಲೆ ಸುತ್ತುವುದು ಹೇಗೆ ಅನ್ನುವುದರಲ್ಲಿ ಜನ ದುಡ್ಡು ಕಳೆಯುತ್ತಾರೆ, ದುಡ್ಡಿಗಿಂತ ಜಾಸ್ತಿ ಹೊತ್ತು ಕಳೆಯುತ್ತಾರೆ.

ಬಾಲಿಯಲ್ಲಿ ರೈಲಿಲ್ಲ. ನಮ್ಮ ಕೆಂಪು ಬಸ್ಸಿನ ಥರ ಹಳ್ಳಿಹಳ್ಳಿಗೆ ಮುಟ್ಟಿಸುವ ಬಸ್ಸನ್ನೂ ನಂಬಿಕೊಳ್ಳುವಂತಿಲ್ಲ. ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಆದರೆ ಅದಕ್ಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದಿಲ್ಲದೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಗ್ರೂಪ್ ಟೂರ್ ಅಗ್ಗ, ಆದರೆ ಹತ್ತು ಹೋಟೆಲಿನ ಮುಂದೆ ನಿಂತು ಮಂದಿ ತುಂಬಿಸಿಕೊಳ್ಳುವಷ್ಟರಲ್ಲಿ ಬೆಳಗಿನ ತಂಪು ಹೋಗಿರುತ್ತದೆ. ಮನೆಯವರು ನಾಲ್ಕೈದು ಜನ ಇದ್ದರೆ ಇಡೀ ದಿನಕ್ಕೆ ಒಂದು ಕಾರು ಗೊತ್ತು ಮಾಡಿಕೊಳ್ಳುವುದೇ ಸರಿ. ತಲೆಗೆ ಹಂಚಿದರೆ ಗ್ರೂಪ್ ಟೂರಿಗಿಂತ ಬಹಳ ವ್ಯತ್ಯಾಸವೂ ಬರುವುದಿಲ್ಲ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಬಿಡಬೇಕು ಅನ್ನುವ ಹಕ್ಕಿಗಾಗಿಯೇ ನೀವು ದುಡ್ಡು ಕೊಡುತ್ತೀರಿ. ಆ ಹಕ್ಕನ್ನು ಹೊರಡುವ ಮೊದಲೇ ಬಳಸದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ಡ್ರೈವರ್ ಕೈಗೆ ಹೋಗಿರುತ್ತದೆ.

ಮೊದಲು ತಾರೀಖು, ಆಮೇಲೆ ಟಿಕೆಟ್ಟು

ಬಾಲಿಯಲ್ಲಿ ಮಳೆಗಾಲ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಿಂದ ಅಕ್ಟೋಬರ್ ಒಣ ಹವೆ. ನಮ್ಮ ಬೇಸಿಗೆ ಸೂಟಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ದಿನವನ್ನು ಮಾತ್ರ ತಪ್ಪಿಸಬೇಕು, ಅದು ನ್ಯೆಪಿ. ಬಾಲಿಯ ಹಿಂದೂಗಳ ಶಕ ವರ್ಷದ ಮೊದಲ ದಿನ ಅದು, ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಆವತ್ತು ಇಡೀ ದ್ವೀಪ ಬಾಗಿಲು ಹಾಕಿಕೊಂಡು ಕೂರುತ್ತದೆ. ರಸ್ತೆಗೆ ಯಾರೂ ಇಳಿಯುವಂತಿಲ್ಲ, ಪ್ರವಾಸಿಗರೂ ಹೋಟೆಲ್ ಬಿಟ್ಟು ಬರುವಂತಿಲ್ಲ, ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಹಿಂದಿನ ಸಂಜೆ ಓಗೋ-ಓಗೋ ಎಂಬ ದೊಡ್ಡ ದೊಡ್ಡ ಭೂತದ ಬೊಂಬೆಗಳ ಮೆರವಣಿಗೆ ಇರುತ್ತದೆ. ಅದನ್ನು ನೋಡಬೇಕು ಅನ್ನುವವರು ಮರುದಿನ ರೂಮಿನಲ್ಲೇ ಕಳೆಯಲು ತಯಾರಾಗಿ ಹೋಗಲಿ.

ಕಾಗದಪತ್ರದ ವಿಷಯ ಚಿಕ್ಕದು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಕೊಂಡರೆ ಸಾಲಿನಲ್ಲಿ ನಿಲ್ಲುವುದು ಉಳಿಯುತ್ತದೆ. ಶುಲ್ಕ 5 ಲಕ್ಷ ರುಪಿಯಾ (ಬಾಲಿ ಇರುವ ಇಂಡೋನೇಷ್ಯಾ ದೇಶದ ಹಣ), ಅವಧಿ 30 ದಿನ. ಇದಲ್ಲದೆ 2024ರ ಫೆಬ್ರುವರಿ 14ರಿಂದ ಪ್ರತಿಯೊಬ್ಬ ವಿದೇಶಿ ಪ್ರವಾಸಿಗೂ ಒಂದೂವರೆ ಲಕ್ಷ ರುಪಿಯಾ ತೆರಿಗೆ ಇದೆ. ಲಕ್ಷ ಅಂದ ಕೂಡಲೇ ಗಾಬರಿ ಬೇಡ. ನಮ್ಮ ಒಂದು ರೂಪಾಯಿಗೆ ಸುಮಾರು 180-190 ರುಪಿಯಾ ಬರುತ್ತದೆ, ಅಂದರೆ ವೀಸಾಕ್ಕೆ ಎರಡೂವರೆ ಮೂರು ಸಾವಿರದ ಒಳಗೆ. ಈ ಸೊನ್ನೆಗಳ ಲೆಕ್ಕ ಮಾತ್ರ ವಿಮಾನ ಹತ್ತುವ ಮುಂಚೆಯೇ ಬಾಯಿಪಾಠ ಆಗಿರಲಿ. 50 ಸಾವಿರದ ನೋಟು ಕೊಡುವ ಕಡೆ 5 ಸಾವಿರದ್ದು ಕೊಟ್ಟರೆ ಅವರೇ ಹೇಳುತ್ತಾರೆ. ತಿರುಗಾಮುರುಗಾ ಆದರೆ ಎಲ್ಲರೂ ಹೇಳುವುದಿಲ್ಲ, ಅಲ್ವಾ?

ಡ್ರೈವರ್ ಬೇರೆ, ಗೈಡ್ ಬೇರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ‘ಪ್ರೈವೇಟ್ ಟೂರ್’ ಎಂದು ಮಾರುವುದರಲ್ಲಿ ಎರಡು ಬಗೆ ಇವೆ. ಒಂದು, ಕಾರು ಮತ್ತು ಡ್ರೈವರ್ ಮಾತ್ರ. ಆತ ಇಂಗ್ಲಿಷ್ ಮಾತಾಡುತ್ತಾನೆ, ದಾರಿಯಲ್ಲಿ ಒಂದಿಷ್ಟು ಕತೆ ಹೇಳುತ್ತಾನೆ, ಆದರೆ ದೇವಸ್ಥಾನದ ಮುಂದೆ ಇಳಿಸಿ ತಾನು ಪಾರ್ಕಿಂಗ್‌ನಲ್ಲಿ ಉಳಿಯುತ್ತಾನೆ. ಇನ್ನೊಂದು, ಲೈಸೆನ್ಸ್ ಇರುವ ಗೈಡ್. ಅವರ ಬಳಿ ಗುರುತಿನ ಚೀಟಿ ಇರುತ್ತದೆ, ನಿಮ್ಮ ಜೊತೆ ಒಳಗೆ ಬರುತ್ತಾರೆ. ಕೆಲವು ಕಡೆ ಒಬ್ಬರೇ ಎರಡೂ ಕೆಲಸ ಮಾಡುತ್ತಾರೆ. ಬುಕ್ ಮಾಡುವಾಗ ‘ಒಳಗೆ ನಮ್ಮ ಜೊತೆ ಬರುತ್ತೀರಾ, ಲೈಸೆನ್ಸ್ ಇದೆಯಾ’ ಎಂದು ನೇರವಾಗಿ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಮನುಷ್ಯ ಎಂಥವನು ಅನ್ನುವುದೂ ಗೊತ್ತಾಗುತ್ತದೆ.

ಎಲ್ಲರಿಗೂ ಗೈಡ್ ಬೇಕಾಗಿಲ್ಲ. ಬೀಚು, ಜಲಪಾತ, ಫೋಟೊ ಎಂದು ಹೊರಟವರಿಗೆ ಡ್ರೈವರ್ ಸಾಕು. ಆದರೆ ಗುಡಿಗಳನ್ನು ನೋಡುವ ದಿನ ಗೈಡ್‌ಗೆ ಕೊಟ್ಟ ದುಡ್ಡು ದಂಡ ಅಲ್ಲ ಎಂದೇ ನನ್ನ ಅಭಿಪ್ರಾಯ. ಲಕ್ಕುಂಡಿ, ಗದಗಿನ ತ್ರಿಕೂಟೇಶ್ವರ ನೋಡಿ ಬೆಳೆದ ನಮ್ಮ ಕಣ್ಣಿಗೆ ಬಾಲಿಯ ಗುಡಿ ಮೊದಲ ನೋಟಕ್ಕೆ ಖಾಲಿ ಅನ್ನಿಸುತ್ತದೆ. ನಾವು ಹುಡುಕುವ ಗರ್ಭಗುಡಿ, ಮೂರ್ತಿ ಅಲ್ಲಿ ಕಾಣುವುದಿಲ್ಲ. ಬಯಲು ಅಂಗಳ, ಅದರಾಚೆ ಇನ್ನೊಂದು ಅಂಗಳ, ನಾರು ಹೊದಿಸಿದ ಹಲವು ಚಾವಣಿಯ ಮೇರು ಎಂಬ ಗೋಪುರ. ಏನು ಎತ್ತ ಎಂದು ಹೇಳುವವರಿಲ್ಲದಿದ್ದರೆ ಹದಿನೈದು ನಿಮಿಷದಲ್ಲಿ ಹೊರಗೆ ಬಂದು ಎಳನೀರು ಕುಡಿಯುತ್ತೀರಿ.

ಗೊತ್ತು ಮಾಡುವುದು ಎಲ್ಲಿ? ಉಳಿಯುವ ಹೋಟೆಲಿನವರು ಮಾಡಿಕೊಡುತ್ತಾರೆ, ದೊಡ್ಡ ಹೋಟೆಲಾದರೆ ರೇಟು ಜಾಸ್ತಿ. ಬುಕಿಂಗ್ ಆ್ಯಪ್‌ಗಳಲ್ಲಿ ಜನರ ಅಭಿಪ್ರಾಯ ಓದಿ ಆರಿಸಬಹುದು. ನಿಮ್ಮೂರಿನವರು ಯಾರಾದರೂ ಹೋಗಿ ಬಂದಿದ್ದರೆ ಅವರ ಡ್ರೈವರ್ ನಂಬರ್ ಕೇಳಿ. ಅಲ್ಲಿ ಎಲ್ಲ ವ್ಯವಹಾರವೂ ವಾಟ್ಸಾಪ್‌ನಲ್ಲೇ ನಡೆಯುತ್ತದೆ. ನಂಬರ್ ಸೇವ್ ಮಾಡುವಾಗ ಹೆಸರಿನ ಜೊತೆ ಕಾರಿನ ನಂಬರನ್ನೂ ಬರೆದುಕೊಳ್ಳಿ. ಬಾಲಿಯಲ್ಲಿ ಹುಟ್ಟಿದ ಕ್ರಮಕ್ಕೆ ತಕ್ಕಂತೆ ಹೆಸರಿಡುವ ರೂಢಿ ಇದೆ, ಹಾಗಾಗಿ ವಯನ್, ಮಾದೆ, ಕತುತ್ ಎಂಬ ಹೆಸರಿನವರು ಎಲ್ಲಿ ನೋಡಿದರೂ ಸಿಗುತ್ತಾರೆ. ಏರ್‌ಪೋರ್ಟಿನ ಹೊರಗೆ ನಿಂತು ‘ವಯನ್’ ಎಂದರೆ ಯಾವ ವಯನ್?

ಒಂದು ದಿನಕ್ಕೆ ಒಂದೇ ದಿಕ್ಕು

ಬಾಲಿಯ ವಿಸ್ತೀರ್ಣ ಸುಮಾರು 5,780 ಚದರ ಕಿ.ಮೀ. ಧಾರವಾಡ ಜಿಲ್ಲೆಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ಮ್ಯಾಪ್ ನೋಡಿದರೆ ಎಲ್ಲವೂ ಹತ್ತಿರ ಹತ್ತಿರ. ಇಲ್ಲೇ ನಮ್ಮವರು ಕೆಡುವುದು. ದಕ್ಷಿಣದ ಕಡಲ ಬದಿಯ ಕುಟಾದಿಂದ ಒಳನಾಡಿನ ಉಬುದ್‌ಗೆ 35 ಕಿ.ಮೀ. ಆಸುಪಾಸು, ಆದರೆ ಕಿರಿದಾದ ರಸ್ತೆ, ಸ್ಕೂಟರ್ ಸಂತೆ, ನಡುವೆ ಒಂದು ಮೆರವಣಿಗೆ ಸಿಕ್ಕಿತೋ, ಒಂದೂವರೆ ಗಂಟೆ ಬೇಕು. ಬೆಳಿಗ್ಗೆ ಉತ್ತರದ ಕೆರೆ, ಮಧ್ಯಾಹ್ನ ಪೂರ್ವದ ಬಾಗಿಲು, ಸಂಜೆ ದಕ್ಷಿಣದ ಕಡಲು ಎಂದು ಪಟ್ಟಿ ಹಾಕುವುದು ಹುಬ್ಬಳ್ಳಿಯಿಂದ ಹೊರಟು ಒಂದೇ ದಿನ ಬಾದಾಮಿ, ಹಂಪಿ, ಜೋಗ ಮೂರನ್ನೂ ನೋಡಿ ಬರುತ್ತೇನೆ ಅಂದ ಹಾಗೆ.

ಒಂದೇ ದಿನ ಇರುವವರಿಗೆ ನಾನು ಹೇಳುವುದು ಉಬುದ್ ಕಡೆಯ ದಾರಿ. ಬೆಳಿಗ್ಗೆ ಏಳೂವರೆಗೆ ಹೊರಡಿ. ಮೊದಲು ತಂಪಾಕ್ಸಿರಿಂಗ್‌ನ ತೀರ್ಥ ಎಂಪುಲ್ ಗುಡಿ. ಬುಗ್ಗೆಯ ನೀರು ಸಾಲು ಸಾಲು ದೋಣಿಯಿಂದ (ನೀರು ಸುರಿಯುವ ಕಲ್ಲಿನ ಬಾಯಿ) ಕೊಳಕ್ಕೆ ಬೀಳುತ್ತದೆ, ಜನ ಒಂದೊಂದಕ್ಕೂ ತಲೆಯೊಡ್ಡಿ ಮುಂದೆ ಹೋಗುತ್ತಾರೆ. ಕ್ರಿ.ಶ. 962ರ ಶಾಸನದಲ್ಲಿ ಇದರ ಉಲ್ಲೇಖ ಇದೆ. ನೀವೂ ಇಳಿಯಬಹುದು, ಸ್ನಾನದ ಸರೋಂಗ್ (ಸೊಂಟಕ್ಕೆ ಸುತ್ತುವ ಬಟ್ಟೆ) ಬಾಡಿಗೆಗೆ ಕೊಡುತ್ತಾರೆ, ಆದರೆ ಯಾವ ದೋಣಿ ಸತ್ತವರ ಕ್ರಿಯೆಗೆ ಮೀಸಲು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂದು ಗೈಡ್ ಕೇಳಿಯೇ ಇಳಿಯಿರಿ. ಹೊತ್ತು ಏರಿದ ಮೇಲೆ ಹೋದರೆ ಸಾಲು ಉದ್ದ ಆಗುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಗುನುಂಗ್ ಕಾವಿ, 11ನೇ ಶತಮಾನದ್ದು, ಬಂಡೆಯ ಮೈಯಲ್ಲೇ ಕೊರೆದ ಹತ್ತು ಗುಡಿಯಾಕಾರಗಳು. ನನಗೆ ಬಾಲಿಯಲ್ಲಿ ಭಾಳ ಹಿಡಿಸಿದ ಜಾಗ ಇದೇ. ಸುಮಾರು ಮುನ್ನೂರು ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ಬಿಸಿಲಲ್ಲಿ ಹತ್ತಬೇಕು. ಮೊಣಕಾಲು ನೋವಿನವರು ಮೇಲೆಯೇ ಕೂರಲಿ.

ಈ ಕಣಿವೆಯ ಗದ್ದೆಗಳಿಗೆ ನೀರು ಹಂಚುವುದು ಸುಬಕ್ ಎಂಬ ರೈತರ ಸಂಘಗಳು. ಈ ಪದ್ಧತಿ 9ನೇ ಶತಮಾನದಿಂದ ನಡೆದು ಬಂದದ್ದು. ನೀರಿನ ಸರದಿಯನ್ನು ಗುಡಿಯ ಹಬ್ಬದ ಜೊತೆ ಕೂಡಿಸಿದ್ದಾರೆ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮೆಟ್ಟಿಲು ಗದ್ದೆ ನೋಡಲು ಎಲ್ಲರನ್ನೂ ತೆಗಲಾಲಾಂಗ್‌ಗೆ ಕರೆದೊಯ್ಯುತ್ತಾರೆ. ಚೆನ್ನಾಗಿದೆ, ಆದರೆ ಈಗ ಗದ್ದೆಗಿಂತ ಜೋಕಾಲಿಗಳೇ ಎದ್ದು ಕಾಣುತ್ತವೆ. ನಿಜವಾಗಿ ಹೊಲ ನೋಡುವ ಆಸೆ ಇದ್ದವರು, ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿ ಬಿಟ್ಟರೆ ಬೇರೆ ಹೊಲ ಕಾಣದವರು, ಇನ್ನೊಂದು ದಿನ ಜತಿಲುವಿಗೆ ಹೋಗಲಿ.

ಮಧ್ಯಾಹ್ನ ಉಬುದ್‌ನಲ್ಲಿ ಊಟ, ಕೋತಿಗಳ ಕಾಡು, ಪೇಟೆ. ಬಯಸಿದರೆ ಉಬುದ್ ಬಿಟ್ಟು ಮೇಲೆ ಕಿಂತಾಮಣಿಗೆ ಹೋಗಿ 1,717 ಮೀಟರ್ ಎತ್ತರದ ಬಾತೂರ್ ಜ್ವಾಲಾಮುಖಿ, ಅದರ ಪಕ್ಕದ ಕೆರೆ ನೋಡಬಹುದು. ಎರಡೂ ಬೇಕು ಎಂದು ಹಟ ಬೇಡ.

ದಕ್ಷಿಣಕ್ಕೆ ಬೇರೆ ದಿನ ಇಡಿ. ಮಧ್ಯಾಹ್ನದ ಮೇಲೆ ಹೊರಟರೂ ನಡೆಯುತ್ತದೆ. ಉಲುವಾತು ಗುಡಿ ಸಮುದ್ರದಿಂದ ಸುಮಾರು 70 ಮೀಟರ್ ಎತ್ತರದ ಕಡಿದಾದ ಬಂಡೆಯ ತುದಿಯಲ್ಲಿದೆ. ಸಂಜೆ ಅಲ್ಲಿ ಕೆಚಕ್ ಎಂಬ ನೃತ್ಯ ನಡೆಯುತ್ತದೆ, ವಾದ್ಯ ಇಲ್ಲ, ಹತ್ತಾರು ಗಂಡಸರು ಸುತ್ತ ಕೂತು ‘ಚಕ್ ಚಕ್’ ಎನ್ನುವ ದನಿಯ ನಡುವೆ ರಾಮಾಯಣ. ಹನುಮಂತ ಬಂದಾಗ ನಮ್ಮ ಮಕ್ಕಳಿಗೆ ಯಾರೂ ಕತೆ ಹೇಳಿಕೊಡಬೇಕಾಗಿಲ್ಲ. ಬಾಲಿಯಲ್ಲಿ ವರ್ಷವಿಡೀ ಸೂರ್ಯ ಆರರಿಂದ ಏಳರ ನಡುವೆ ಮುಳುಗುತ್ತಾನೆ, ಹಾಗಾಗಿ ಐದರೊಳಗೆ ಅಲ್ಲಿರಬೇಕು. ಅಲ್ಲಿನ ಕೋತಿಗಳು ಕನ್ನಡಕ ಕಸಿಯುತ್ತವೆ. ತಮಾಷೆ ಅಲ್ಲ, ಕಾರಿನಿಂದ ಇಳಿಯುವ ಮುಂಚೆಯೇ ಚೀಲದಲ್ಲಿ ಹಾಕಿ ಜಿಪ್ ಎಳೆಯಿರಿ.

ಇನ್ನು ಎಲ್ಲರ ಫೋನಿನಲ್ಲೂ ಇರುವ ಆ ‘ಸ್ವರ್ಗದ ಬಾಗಿಲು’. ಲೆಂಪುಯಾಂಗ್ ಗುಡಿಯ ಬಾಗಿಲ ಕೆಳಗೆ ಕಾಣುವ ನೀರು ನೀರಲ್ಲ. ಫೋನಿನ ಕ್ಯಾಮೆರಾ ಕೆಳಗೆ ಕನ್ನಡಿ ಹಿಡಿದು ತೆಗೆದ ಫೋಟೊ ಅದು. ಕುಟಾದಿಂದ ಎರಡು ಗಂಟೆಗೂ ಮಿಕ್ಕಿದ ದಾರಿ, ಆಮೇಲೆ ಫೋಟೊಗೆ ನಂಬರ್ ಹಚ್ಚಿ ಗಂಟೆಗಟ್ಟಲೆ ಕಾಯಬೇಕು. ಗೊತ್ತಿದ್ದೂ ಹೋಗುವವರು ಹೋಗಲಿ.

ಹಿಂದಿನ ದಿನವೇ ಮಾತು ಮುಗಿಸಿ

ರೇಟು ಕೇಳಿ ‘ಓಕೆ’ ಎಂದು ಬಿಡಬೇಡಿ. ಸರಳ ಇಂಗ್ಲಿಷಿನಲ್ಲಿ ಒಂದೇ ಮೆಸೇಜಿನಲ್ಲಿ ಎಲ್ಲವನ್ನೂ ಬರೆದು ಒಪ್ಪಿಗೆ ತರಿಸಿಕೊಳ್ಳಿ. ಎಷ್ಟು ಗಂಟೆಯ ಬಾಡಿಗೆ (ಸಾಮಾನ್ಯವಾಗಿ 8ರಿಂದ 10 ಗಂಟೆ), ಮೀರಿದರೆ ಗಂಟೆಗೆ ಎಷ್ಟು, ಪೆಟ್ರೋಲ್, ಪಾರ್ಕಿಂಗ್, ಟೋಲ್ ಸೇರಿದೆಯೇ, ಗುಡಿಗಳ ಟಿಕೆಟ್ ಯಾರದು. ಟಿಕೆಟ್ ಬಹುಪಾಲು ನಿಮ್ಮದೇ, ಅದನ್ನು ನಗದಿನಲ್ಲಿ ಇಟ್ಟುಕೊಳ್ಳಿ. ರೇಟು ಕಾರಿಗೋ ತಲೆಗೋ ಎನ್ನುವುದನ್ನಂತೂ ಕೇಳಲೇಬೇಕು. ಐದು ಜನ ಮತ್ತು ಸಾಮಾನು ಇದ್ದರೆ ಯಾವ ಗಾಡಿ ಎಂದೂ ಕೇಳಿ. ನಮ್ಮ ಇನ್ನೋವಾ ಅಲ್ಲೂ ಓಡುತ್ತದೆ, ಆದರೆ ಚಿಕ್ಕ ಏಳು ಸೀಟಿನ ಗಾಡಿಯೇ ಜಾಸ್ತಿ, ಅದರ ಹಿಂದಿನ ಸಾಲಿನಲ್ಲಿ ದೊಡ್ಡವರು ಕೂತರೆ ಸಂಜೆಗೆ ಸೊಂಟ ಹಿಡಿಯುತ್ತದೆ.

ಕೊನೆಗೆ ಒಂದು ಸಾಲು: ‘ಅಂಗಡಿಗಳಿಗೆ ಬೇಡ’. ಬೆಳ್ಳಿ ಆಭರಣದ ಚೆಲುಕ್, ಮರಗೆತ್ತನೆಯ ಮಾಸ್, ಬಾಟಿಕ್ ಮಳಿಗೆ, ಕಾಫಿ ತೋಟ, ಇವು ದಾರಿಯಲ್ಲೇ ಸಿಗುತ್ತವೆ, ಡ್ರೈವರ್‌ಗೆ ಕಮಿಷನ್ ಇರುತ್ತದೆ. ಅದೇನೂ ದೊಡ್ಡ ಪಾಪವಲ್ಲ, ಅವನ ಹೊಟ್ಟೆಪಾಡು. ಆದರೆ ಒಂದೊಂದು ಅಂಗಡಿಗೆ ಮುಕ್ಕಾಲು ಗಂಟೆ ಹೋದರೆ ನಿಮ್ಮ ಒಂದು ಗುಡಿ ಹೋಯಿತು. ಕಾಫಿ ತೋಟದಲ್ಲಿ ಪುನುಗಿನ ಬೆಕ್ಕು ತಿಂದು ಹೊರಹಾಕಿದ ಬೀಜದ ಲುವಾಕ್ ಕಾಫಿ ಕುಡಿಸುತ್ತಾರೆ. ಬಹಳ ಕಡೆ ಆ ಬೆಕ್ಕುಗಳನ್ನು ಪಂಜರದಲ್ಲಿ ಇಟ್ಟಿರುತ್ತಾರೆ, ನಾನಂತೂ ಬೇಡ ಎನ್ನುತ್ತೇನೆ. ಕಮಿಷನ್ ಇಲ್ಲದ ದಿನಕ್ಕೆ ರೇಟು ಸ್ವಲ್ಪ ಜಾಸ್ತಿ ಹೇಳಿದರೆ ಕೊಟ್ಟುಬಿಡಿ.

ಊಟ, ಉಡುಪು

ಬಾಲಿಯವರು ಹಿಂದೂಗಳು ಎಂದ ಮಾತ್ರಕ್ಕೆ ಸಸ್ಯಾಹಾರಿಗಳಲ್ಲ. ಹಂದಿ ಮಾಂಸದ ಬಾಬಿ ಗುಲಿಂಗ್ ಅಲ್ಲಿನ ಹಬ್ಬದ ಅಡುಗೆ. ತರಕಾರಿ ಪಲ್ಯದ ಥರ ಕಂಡದ್ದರಲ್ಲೂ ತೆರಾಸಿ, ಅಂದರೆ ಸಿಗಡಿಯ ಪೇಸ್ಟ್, ಇರಬಹುದು. ಖಾರದ ಸಾಂಬಲ್‌ನಲ್ಲಂತೂ ಬಹಳ ಸಲ ಇರುತ್ತದೆ. ಮಾಂಸ, ಮೀನು, ಮೊಟ್ಟೆ, ತೆರಾಸಿ ಯಾವುದೂ ಬೇಡ ಎಂದು ಡ್ರೈವರ್‌ನಿಂದ ಅವರ ಭಾಷೆಯಲ್ಲಿ ಫೋನಿನಲ್ಲಿ ಬರೆಸಿಕೊಂಡು ಹೋಟೆಲಿನಲ್ಲಿ ತೋರಿಸಿ. ಸೋಯಾ ಕಾಳಿನ ಟೆಂಪೆ, ತೋಫು, ಶೇಂಗಾ ಗೊಜ್ಜು ಹಾಕಿದ ತರಕಾರಿಯ ಗಾದೊ-ಗಾದೊ ಸಿಗುತ್ತವೆ. ಶೇಂಗಾ ಅಂದರೆ ನಮಗೆ ಹೊಸದಾ! ಉಬುದ್ ಮತ್ತು ಕುಟಾದಲ್ಲಿ ಭಾರತೀಯ ಹೋಟೆಲುಗಳಿವೆ, ನಡುವಿನ ಹಳ್ಳಿಗಳಲ್ಲಿ ಇಲ್ಲ. ಆದ್ದರಿಂದ ಕಾರಿನಲ್ಲಿ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಇರಲಿ. ನಲ್ಲಿ ನೀರು ಕುಡಿಯಬೇಡಿ.

ಗುಡಿಗೆ ಸರೋಂಗ್ ಕಡ್ಡಾಯ, ಗಂಡಸರಿಗೂ. ಬಾಗಿಲಲ್ಲಿ ಕೊಡುತ್ತಾರೆ, ಆದರೆ ನಿಮ್ಮದೇ ಒಂದು ಲುಂಗಿ, ಟವೆಲ್ ಇದ್ದರೆ ಆಯಿತು. ಮುಟ್ಟಾದ ಹೆಂಗಸರು ಒಳಗೆ ಬರಬಾರದು ಎಂಬ ಬೋರ್ಡು ಬಹಳ ಗುಡಿಗಳಲ್ಲಿ ಇದೆ. ಒಳಗಿನ ಅಂಗಳ ಬಹಳ ಕಡೆ ಪೂಜೆ ಮಾಡುವವರಿಗೆ ಮಾತ್ರ. ‘ನಾವೂ ಹಿಂದೂಗಳೇ’ ಎಂದು ವಾದಕ್ಕೆ ನಿಲ್ಲುವವರನ್ನು ನೋಡಿದ್ದೇನೆ, ಸುಮ್ನೆ ಮುಜುಗರ. ಪೂಜೆ ಮಾಡಬೇಕೆಂಬ ಮನಸ್ಸಿದ್ದರೆ ಗೈಡ್ ಮೂಲಕ ಕೇಳಿ, ಅವರ ಉಡುಪು, ಅವರ ಕ್ರಮಕ್ಕೆ ಒಪ್ಪಿದರೆ ಕೆಲವು ಕಡೆ ಬಿಡುತ್ತಾರೆ. ರಸ್ತೆಯಲ್ಲಿ, ಅಂಗಡಿ ಮುಂದೆ ಎಲೆಯ ಚಿಕ್ಕ ಬುಟ್ಟಿಯಲ್ಲಿ ಹೂವು, ಅಕ್ಕಿ, ಊದುಬತ್ತಿ ಇಟ್ಟಿರುತ್ತಾರೆ. ಅದು ನೈವೇದ್ಯ, ತುಳಿಯದೆ ದಾಟಿ.

ಸಂಜೆ ಲೆಕ್ಕ

ಪೂರ್ತಿ ಹಣ ಮುಂಗಡ ಕೊಡಬೇಡಿ. ಆ್ಯಪ್‌ನಲ್ಲಿ ಬುಕ್ ಮಾಡಿದವರ ಮಾತು ಬೇರೆ, ನೇರವಾಗಿ ಗೊತ್ತು ಮಾಡಿದವರು ದಿನ ಮುಗಿದ ಮೇಲೆ ರುಪಿಯಾದಲ್ಲೇ ಕೊಡುವುದು ರೂಢಿ. ಹಣ ಬದಲಿಸಲು ಬೋರ್ಡಿನಲ್ಲಿ ಎಲ್ಲರಿಗಿಂತ ಜಾಸ್ತಿ ರೇಟು ಬರೆದ ಗಲ್ಲಿ ಅಂಗಡಿಗೆ ಹೋಗಬೇಡಿ, ಎಣಿಸುವಾಗಲೇ ಕೆಲವು ನೋಟು ಮೇಜಿನ ಹಿಂದೆ ಜಾರುತ್ತವೆ. ಎಣಿಸಿದ ಕೊನೆಯ ಕೈ ನಿಮ್ಮದಿರಲಿ. ಟಿಪ್ಸ್ ಕಡ್ಡಾಯವಲ್ಲ, ಆದರೆ ಹತ್ತು ಗಂಟೆ ಆ ಟ್ರಾಫಿಕ್ಕಿನಲ್ಲಿ ನಗುತ್ತಾ ಓಡಿಸಿದವನಿಗೆ 50 ಸಾವಿರವೋ ಒಂದು ಲಕ್ಷವೋ ರುಪಿಯಾ ಕೊಟ್ಟರೆ ನಮ್ಮ ಲೆಕ್ಕದಲ್ಲಿ ಮುನ್ನೂರರ ಒಳಗೆ, ಇಲ್ಲವೇ ಐನೂರು ಚಿಲ್ಲರೆ. ಮನುಷ್ಯ ಹಿಡಿಸಿದರೆ ಅಲ್ಲೇ ನಿಂತು ಮರುದಿನದ ಉಲುವಾತು, ವಾಪಸ್ ಏರ್‌ಪೋರ್ಟ್ ಡ್ರಾಪ್ ಎರಡರ ಮಾತನ್ನೂ ಮುಗಿಸಿಕೊಳ್ಳಿ. ನೇರ ಗಿರಾಕಿ ಎಂದರೆ ಅವನಿಗೂ ಏಜೆಂಟರ ಪಾಲು ಉಳಿಯುತ್ತದೆ, ರೇಟು ತಾನೇ ಇಳಿಯುತ್ತದೆ.