ಎನ್‌ಸಿಡಿ ಕೊಳ್ಳುವ ಮುಂಚೆ ರೇಟಿಂಗ್ ವರದಿಯ ಈ ಎರಡು ಭಾಗ ಓದಿ
ಎನ್‌ಸಿಡಿಗೆ, ಅಂದ್ರೆ ಕಂಪನಿಗಳು ಬಡ್ಡಿಗೆ ಸಾಲ ಎತ್ತುವ ಡಿಬೆಂಚರಿಗೆ, ದುಡ್ಡು ಹಾಕುವಾಗ ಎಎ, ಎ ಅನ್ನೋ ರೇಟಿಂಗ್ ಅಕ್ಷರ ಮಾತ್ರ ನೋಡಬೇಡಿ. ಆ ರೇಟಿಂಗ್ ಕೊಡುವ ಕ್ರಿಸಿಲ್, ಇಕ್ರಾ, ಕೇರ್‌ನಂಥ ಏಜೆನ್ಸಿಯ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿ 'ರೇಟಿಂಗ್ ರ‍್ಯಾಷನೇಲ್', ಅಂದ್ರೆ ರೇಟಿಂಗಿಗೆ ಕಾರಣ ಹೇಳುವ ವರದಿ, ತೆಗೆಯಿರಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ಡೌನ್‌ವರ್ಡ್ ಫ್ಯಾಕ್ಟರ್ಸ್' (ಇಕ್ರಾ, ಕೇರ್‌ನಲ್ಲಿ 'ನೆಗೆಟಿವ್ ಫ್ಯಾಕ್ಟರ್ಸ್') ಮತ್ತು 'ಲಿಕ್ವಿಡಿಟಿ' ಭಾಗ ಓದಿ. ಲಿಕ್ವಿಡಿಟಿ ಅಂದ್ರೆ ಸಾಲ ತೀರಿಸಲು ಕೈಯಲ್ಲಿರುವ ನಗದಿನ ಸ್ಥಿತಿ. ಮೊದಲನೆಯದರಲ್ಲಿ, ಸಾಲ ಎಷ್ಟಾದರೆ, ಬಡ್ಡಿ ಕಟ್ಟುವ ತಾಕತ್ತು ಎಷ್ಟು ಕುಸಿದರೆ ರೇಟಿಂಗ್ ಇಳಿಸುತ್ತೇವೆ ಅಂತ ಏಜೆನ್ಸಿಯೇ ಬರೆದಿರುತ್ತದೆ. ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ದುಡ್ಡು ಕೈಗೆ ಬಂದಾಗ ಏಜೆಂಟರು ಹೇಳುವುದು ಬಡ್ಡಿ ಮಾತ್ರ, ಅಲ್ವಾ? ರೇಟಿಂಗ್ ಪಕ್ಕ 'ಇಶ್ಯೂವರ್ ನಾಟ್ ಕೋಆಪರೇಟಿಂಗ್' ಅಂತಿದ್ದರೆ ಕಂಪನಿ ಏಜೆನ್ಸಿಗೆ ಸರಿಯಾಗಿ ಮಾಹಿತಿಯನ್ನೇ ಕೊಟ್ಟಿಲ್ಲ ಅಂತ ಅರ್ಥ. ಅಂಥ ಎನ್‌ಸಿಡಿ ಸುಮ್ನೆ ಬಿಟ್ಟುಬಿಡಿ. ಆದರೆ ಕಂಪನಿ ಲೆಕ್ಕ ಮುಚ್ಚಿಟ್ಟರೆ ಈ ಉಪಾಯ ನಡೆಯದು. ಏಜೆನ್ಸಿಗೆ ಫೀಸು ಕೊಡುವುದೂ ಅದೇ ಕಂಪನಿ ನೋಡಿ. 2018ರಲ್ಲಿ ಅತ್ಯುನ್ನತ ರೇಟಿಂಗ್ 'ಎಎಎ' ಇದ್ದ ಐಎಲ್ ಆ್ಯಂಡ್ ಎಫ್‌ಎಸ್ ಅನ್ನೋ ಹಣಕಾಸು ಕಂಪನಿ ಕೆಲವೇ ವಾರಗಳಲ್ಲಿ 'ಡಿ'ಗೆ, ಅಂದ್ರೆ ಸಾಲ ಕಟ್ಟಲಾಗದ ಸ್ಥಿತಿಗೆ, ಬಿತ್ತು.