ಮೌನ ಕುಣಿತಕ್ಕೆ ಜಾಗ ಹದ ಮಾಡುವುದು

‘ಕುಣಿತದ ಕೂಟಕ್ಕೆ ಯಾವ ಹಾಡು ಹಾಕಬೇಕು?’ ಎಂದು ಕೇಳುತ್ತಾ ಬರುವವರಿಗೆ ನಾನು ಮೊದಲು ಕಿಟಕಿ ಎಣಿಸಿಕೊಂಡು ಬನ್ನಿ ಎನ್ನುತ್ತೇನೆ.

ದಾವಣಗೆರೆಯಲ್ಲಿ ನಾಲ್ಕು ವರ್ಷಗಳಿಂದ ತಿಂಗಳಿಗೆ ಎರಡು ಭಾನುವಾರ ನಾವು ಕುಣಿಯುತ್ತಿದ್ದೇವೆ. ಎಕ್‌ಸ್ಟಾಟಿಕ್ ಡ್ಯಾನ್ಸ್ ಎಂದು ಬೆಂಗಳೂರಿನಲ್ಲಿ ನಾನು ಕಂಡದ್ದನ್ನು ಇಲ್ಲಿ ಮೌನ ಕುಣಿತ ಎಂದು ಕರೆದೆ. ಹೆಜ್ಜೆ ಕಲಿಸುವವರಿಲ್ಲ, ವೇದಿಕೆ ಇಲ್ಲ, ಪ್ರೇಕ್ಷಕರಿಲ್ಲ. ಬರಿಗಾಲಿನಲ್ಲಿ, ಮಾತಿಲ್ಲದೆ, ಎರಡು ಗಂಟೆ ಮೈ ಹೇಳಿದಂತೆ ಕುಣಿಯುವುದು.

ನಾನು ಹೊಲಿಗೆ ಕೆಲಸದವಳು. ರವಿಕೆಯ ಅಳತೆಗೆ ಟೇಪು ಹಿಡಿದ ಕೂಡಲೇ ಹೆಂಗಸರು ಉಸಿರು ಬಿಗಿಹಿಡಿದು ಭುಜ ಕುಗ್ಗಿಸುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ದುರ್ಗಾಂಬಿಕಾ ದೇವಿಯ ಜಾತ್ರೆಯಲ್ಲಿ ಡೊಳ್ಳು ಬಡಿಯುವಾಗ ನನ್ನ ತಾಯಿ ಗುಂಪಿನ ಅಂಚಿನಲ್ಲಿ ಕಂಬದಂತೆ ನಿಂತಿರುತ್ತಿದ್ದರು. ಆದರೆ ಸೀರೆಯ ನೆರಿಗೆಯ ಕೆಳಗೆ ಅವರ ಹೆಬ್ಬೆರಳು ತಾಳ ಹಾಕುತ್ತಲೇ ಇರುತ್ತಿತ್ತು. ನಮ್ಮೂರಿನವರಿಗೆ ಕುಣಿಯಲು ಬರುವುದಿಲ್ಲ ಎನ್ನುವುದು ಸುಳ್ಳು. ನೋಡಿದವರು ಏನೆಂದಾರು ಎಂಬ ಅಂಜಿಕೆ ಮೊಣಕಾಲನ್ನು ಕಟ್ಟಿಹಾಕುತ್ತದೆ. ಕೂಟ ನಡೆಸುವವರ ಅರ್ಧ ಕೆಲಸ ಆ ನೋಡುವ ಕಣ್ಣುಗಳನ್ನು ಹೊರಗಿಡುವುದು.

ಹಾಗಾಗಿ ಮೊದಲು ಜಾಗ. ಈಗ ನಾವು ಸೇರುವುದು ಹಳೇ ಪೇಟೆಯ ಮಹಡಿಯೊಂದರಲ್ಲಿ. ಹಿಂದೆ ಹತ್ತಿಯ ದಾಸ್ತಾನಿಗೆ ಬಳಸುತ್ತಿದ್ದ ಉದ್ದನೆಯ ಕೋಣೆ ಅದು. ಆರು ಕಿಟಕಿಗಳಿಗೂ ದಪ್ಪ ಕೋರಾ ಬಟ್ಟೆಯ ಪರದೆ ಹೊಲಿದಿದ್ದೇನೆ. ಗಾಳಿಗೆ ಹಾರದಂತೆ ಕೆಳ ಅಂಚಿನ ಮಡಿಕೆಯೊಳಗೆ ಮರಳು ತುಂಬಿದ ಸಣ್ಣ ಚೀಲಗಳಿವೆ. ಕನ್ನಡಿ ಇದ್ದರೆ ಅದಕ್ಕೂ ಬಟ್ಟೆ ಹೊದಿಸಿ. ಕನ್ನಡಿಯೊಳಗೂ ಒಂದು ಜೊತೆ ಕಣ್ಣುಗಳಿರುತ್ತವೆ. ಒಬ್ಬೊಬ್ಬರಿಗೂ ಎರಡು ಕೈ ಚಾಚಿ ಸುತ್ತು ತಿರುಗುವಷ್ಟು ಜಾಗ ಬೇಕು. ನಮ್ಮ ಕೋಣೆಗೆ ಇಪ್ಪತ್ತೈದು ಜನರ ಮೇಲೆ ಸೇರಿಸುವುದಿಲ್ಲ.

ನೆಲದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ನುಣುಪಾದ ಟೈಲ್ಸ್ ಮೇಲೆ ಬೆವರು ಬಿದ್ದರೆ ಕಾಲು ಜಾರುತ್ತದೆ. ಕಡಪ ಕಲ್ಲು ಮೊಣಕಾಲಿಗೆ ಗಟ್ಟಿ. ಹಳೆಯ ಕೆಂಪು ಗಾರೆಯ ನೆಲ ಸಿಕ್ಕರೆ ಬಿಡಬೇಡಿ. ಹಿಂದಿನ ರಾತ್ರಿ ಎರಡು ಸಲ ಒರೆಸಿ, ಬೆಳಿಗ್ಗೆ ನೀವೇ ಬರಿಗಾಲಿನಲ್ಲಿ ಮೂಲೆ ಮೂಲೆ ನಡೆದು ನೋಡಿ. ನನ್ನ ಕಾಲಿಗೆ ಒಮ್ಮೆ ಗುಂಡುಪಿನ್ನು ಸಿಕ್ಕಿತ್ತು, ಬೇರೆಯವರ ಕಾಲಿಗೆ ಸಿಗಲಿಲ್ಲ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಪಡೆಯಿರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ನಾವು ಬೆಳಿಗ್ಗೆ ಎಂಟಕ್ಕೆ ಶುರು ಮಾಡುತ್ತೇವೆ. ಅಕ್ಕಪಕ್ಕದ ಮನೆಗಳಿಗೆ ಮುಂಚೆಯೇ ಹೋಗಿ ಹೇಳಿ ಬರುತ್ತೇನೆ. ಹೇಳದೆ ಮಾಡಿದರೆ ಗುಮಾನಿ ಹುಟ್ಟುತ್ತದೆ, ಗುಮಾನಿ ಇದ್ದಲ್ಲಿ ಇಣುಕುವವರು ಹುಟ್ಟುತ್ತಾರೆ.

ಬಾಗಿಲಲ್ಲೇ ಮೊಬೈಲ್ ತೆಗೆದುಕೊಳ್ಳಿ. ಪ್ರತಿಯೊಬ್ಬರಿಗೂ ದಾರ ಎಳೆದು ಕಟ್ಟುವ ಸಣ್ಣ ಚೀಲ ಹೊಲಿದಿದ್ದೇನೆ, ಮೇಲೆ ಅಂಕಿ ಕಸೂತಿ ಇದೆ. ಮೊದಲ ವರ್ಷ ಈ ವಿಷಯದಲ್ಲಿ ನಾನು ಸಡಿಲವಾಗಿದ್ದೆ. ಯಾರನ್ನೋ ಕರೆದೊಯ್ಯಲು ಬಂದ ಹುಡುಗನೊಬ್ಬ ಬಾಗಿಲ ಸಂದಿಯಿಂದ ಅರ್ಧ ನಿಮಿಷ ವಿಡಿಯೊ ಮಾಡಿದ. ಅಳಿಸಿ ಹಾಕಿಸಿದೆವು. ಆದರೂ ಮೂರು ಹೆಂಗಸರು ಮತ್ತೆ ಬರಲಿಲ್ಲ. ಅವರಲ್ಲಿ ಇಬ್ಬರು ಈಗಲೂ ನನ್ನಲ್ಲೇ ಬಟ್ಟೆ ಹೊಲಿಸುತ್ತಾರೆ, ಕುಣಿತದ ಮಾತೆತ್ತುವುದಿಲ್ಲ. ಅದು ನನ್ನ ತಪ್ಪು. ಕರೆದೊಯ್ಯಲು ಬರುವವರು ಕೆಳಗಿನ ಬೀದಿಯಲ್ಲೇ ಕಾಯಬೇಕು ಎಂದು ಅಂದಿನಿಂದ ನಿಯಮ ಮಾಡಿದ್ದೇವೆ.

ಮೊಣಕಾಲು ನೋವಿನವರಿಗೆ ಕುರ್ಚಿ ಇಡಿ, ಆದರೆ ಗೋಡೆಗೆ ಒತ್ತಿ ಇಡಬೇಡಿ. ಗೋಡೆಯ ಬದಿ ಕುಳಿತವರು ತಮಗೆ ಗೊತ್ತಿಲ್ಲದೆಯೇ ಪ್ರೇಕ್ಷಕರಾಗುತ್ತಾರೆ. ನಡುವೆ, ಕುಣಿಯುವವರ ಮಧ್ಯದಲ್ಲೇ ಇಡಿ. ನನ್ನ ತಾಯಿ ಅಂಥ ಕುರ್ಚಿಯಲ್ಲಿ ಕುಳಿತು ಎರಡು ಗಂಟೆಯೂ ಕೈಗಳಲ್ಲೇ ಕುಣಿಯುತ್ತಾರೆ.

ಶುರುವಿಗೆ ಮುಂಚೆ ಐದು ನಿಮಿಷ ಎಲ್ಲರನ್ನೂ ವೃತ್ತದಲ್ಲಿ ಕೂರಿಸಿ ಮಾತಾಡಿ. ಹೃದ್ರೋಗ, ರಕ್ತದೊತ್ತಡ, ಬಸಿರು, ಶಸ್ತ್ರಚಿಕಿತ್ಸೆ ಇದ್ದರೆ ನನ್ನ ಕಿವಿಯಲ್ಲಿ ಮಾತ್ರ ಹೇಳಲಿ ಎನ್ನುತ್ತೇನೆ. ಕುಡಿದು ಬಂದವರನ್ನು ಸೌಜನ್ಯದಿಂದ ವಾಪಸು ಕಳಿಸುತ್ತೇನೆ, ಪರಿಚಯದವರಾದರೂ ಸರಿ. ಕೇಳದೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಮಾತಿಲ್ಲದ ಕಡೆ ಬೇಡ ಎನ್ನುವುದು ಹೇಗೆ? ಎದೆಯ ಮುಂದೆ ಕೈ ಜೋಡಿಸಿದರೆ ‘ಸಾಕು, ನಾನು ಒಬ್ಬಳೇ ಕುಣಿಯುತ್ತೇನೆ’ ಎಂದರ್ಥ. ಹೊರದೇಶದ ಕೂಟಗಳಲ್ಲೂ ಇದೇ ಸನ್ನೆ ಬಳಸುತ್ತಾರೆ. ನಮ್ಮವರಿಗೆ ಇದನ್ನು ಕಲಿಸುವುದೇ ಬೇಕಾಗಲಿಲ್ಲ. ಮೊದಲ ಆರು ತಿಂಗಳು ನಾವು ಹೆಂಗಸರು ಮಾತ್ರ ಸೇರಿದೆವು. ಹೊಸದಾಗಿ ಶುರು ಮಾಡುವವರಿಗೂ ನಾನು ಅದನ್ನೇ ಹೇಳುತ್ತೇನೆ.

ಇನ್ನು ಸಂಗೀತ. ಅಮೆರಿಕದ ಗೇಬ್ರಿಯೆಲ್ ರಾತ್ 1970ರ ದಶಕದಲ್ಲಿ ರೂಪಿಸಿದ ಪಂಚಲಯದ ಪದ್ಧತಿ ಇಂಥ ಬಹಳ ಕೂಟಗಳಿಗೆ ದಾರಿ ತೋರಿಸಿದೆ: ಮೊದಲು ಹರಿಯುವ ಲಯ, ಆಮೇಲೆ ಬಿಡಿಬಿಡಿಯಾದ ಖಚಿತ ಹೊಡೆತ, ನಂತರ ಹಿಡಿತ ತಪ್ಪುವ ಗದ್ದಲ, ಅದರಾಚೆ ಹಗುರ, ಕೊನೆಗೆ ನಿಶ್ಚಲತೆ. ಅಲೆ ಏರಿ ಇಳಿಯುವ ಹಾಗೆ. ನಾನು ತಂಬೂರಿಯ ಶ್ರುತಿಯಿಂದ ಶುರು ಮಾಡಿ, ನಿಮಿಷಕ್ಕೆ ಅರವತ್ತು ಎಪ್ಪತ್ತು ಬಡಿತದ ಕೊಳಲಿಗೆ ಬರುತ್ತೇನೆ. ಅರ್ಧ ಗಂಟೆಯ ಹೊತ್ತಿಗೆ ನೂರು ದಾಟುತ್ತದೆ. ತುದಿಯಲ್ಲಿ ಡೊಳ್ಳು. ಜಗಳೂರು ಕಡೆಯ ತಂಡವೊಂದರ ಒಪ್ಪಿಗೆ ಪಡೆದು ಅವರ ಬಡಿತವನ್ನು ನಾನೇ ಮುದ್ರಿಸಿಕೊಂಡಿದ್ದೇನೆ. ಆ ಹದಿನೈದು ನಿಮಿಷ ಬಡಿತ 130ರ ಆಸುಪಾಸಿನಲ್ಲಿರುತ್ತದೆ, ಗಾರೆಯ ನೆಲ ಅಂಗಾಲಿನಡಿ ನಡುಗುವುದು ಗೊತ್ತಾಗುತ್ತದೆ.

ಸಿನಿಮಾ ಹಾಡು ಬೇಡವೇ ಬೇಡ. ಪದ ಕಿವಿಗೆ ಬಿದ್ದ ತಕ್ಷಣ ತೆರೆಯ ಮೇಲೆ ಕಂಡ ಹೆಜ್ಜೆ ಮೈಗೆ ಬರುತ್ತದೆ, ಅಲ್ಲಿಗೆ ನೋಡುವವರು ಮತ್ತೆ ಒಳಗೆ ಬಂದಂತೆ.

ಏರಿಸುವುದು ಸುಲಭ, ಇಳಿಸುವುದರಲ್ಲಿದೆ ಕಸುಬು. ಬೇರೊಂದು ಸಭಾಂಗಣದಲ್ಲಿದ್ದಾಗ ಹೊತ್ತು ಮೀರಿತೆಂದು ಕಾವಲಿನವರು ಡೊಳ್ಳು ಜೋರಾಗಿದ್ದಾಗಲೇ ಮೇನ್ ಸ್ವಿಚ್ ಇಳಿಸಿಬಿಟ್ಟರು. ಕಣ್ಣು ಮುಚ್ಚಿ ಕುಣಿಯುತ್ತಿದ್ದ ಒಬ್ಬರು ಹಾಗೇ ಕುಸಿದು ಕುಳಿತರು. ತುಟಿ ನಡುಗುತ್ತಿತ್ತು, ಅಳು ನಿಲ್ಲಲಿಲ್ಲ. ಏನಾಯಿತು ಎಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ಕುಳಿತು, ‘ಅಂಗಾಲು ನೆಲಕ್ಕೆ ಊರಿ ಅಕ್ಕಾ’ ಎಂದೆ, ನಿಧಾನವಾಗಿ ನನ್ನ ಉಸಿರು ಕೇಳುವಂತೆ ಉಸಿರಾಡಿದೆ. ಇಪ್ಪತ್ತು ನಿಮಿಷ ಬೇಕಾಯಿತು. ಅಂದಿನಿಂದ ಬೇಕಾದುದಕ್ಕಿಂತ ಒಂದು ಗಂಟೆ ಹೆಚ್ಚಿಗೆ ಬಾಡಿಗೆ ಕೊಡುತ್ತೇನೆ. ಕೊನೆಯ ಇಪ್ಪತ್ತು ನಿಮಿಷದ ಸಂಗೀತವನ್ನು ತುಂಬಿಸಿದ ಬ್ಯಾಟರಿ ಸ್ಪೀಕರೊಂದು ಕಂಬದ ಹಿಂದೆ ಯಾವಾಗಲೂ ಸಿದ್ಧವಿರುತ್ತದೆ. ಕರೆಂಟು ಹೋದರೂ ಇಳಿಯುವ ದಾರಿ ಇರಬೇಕು.

ಎಲ್ಲರೂ ಮೈಮರೆಯಲಿ, ನಡೆಸುವವರು ಮರೆಯುವಂತಿಲ್ಲ. ನಾನು ಮುಂದೆ ನಿಲ್ಲುವುದಿಲ್ಲ, ನಿಂತರೆ ನನ್ನನ್ನೇ ಅನುಕರಿಸುತ್ತಾರೆ. ಬಾಗಿಲ ಹತ್ತಿರದ ಕಂಬದ ಬಳಿ ಸಣ್ಣಗೆ ಕುಣಿಯುತ್ತಾ ಮುಖಗಳ ಬದಲು ಪಾದಗಳನ್ನು ಗಮನಿಸುತ್ತೇನೆ. ಸುಸ್ತಾದವರ ಹಿಮ್ಮಡಿ ಮೊದಲು ಎಳೆಯತೊಡಗುತ್ತದೆ. ಒಬ್ಬರ ಹಿಂದೆ ಇನ್ನೊಬ್ಬರ ಪಾದಗಳು ಪದೇ ಪದೇ ಹೋಗುತ್ತಿದ್ದರೆ ನಾನು ಆ ಇಬ್ಬರ ನಡುವೆ ಕುಣಿಯುತ್ತಾ ಹೋಗುತ್ತೇನೆ. ಅಷ್ಟರಲ್ಲೇ ಬಹಳ ಸಲ ಸರಿಹೋಗುತ್ತದೆ, ಆಗದಿದ್ದರೆ ಹೊರಗೆ ಕರೆದು ಮಾತಾಡುತ್ತೇನೆ.

ಸಂಗೀತ ನಿಂತ ಮೇಲೆ ಹತ್ತು ನಿಮಿಷ ನೆಲದ ಮೇಲೆ ಮಲಗಲು ಬಿಡಿ. ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಉಳಿದ ಕಾಲದಲ್ಲಿ ನೀರು. ಮಂಡಕ್ಕಿ, ಮೆಣಸಿನಕಾಯಿ ತಟ್ಟೆಗೆ ಬಂದಾಗ ಮಾತು ತಾನಾಗಿ ಮರಳುತ್ತದೆ. ಬಾಡಿಗೆ, ಸ್ಪೀಕರು, ತಿಂಡಿ ಸೇರಿ ತಲೆಗೆ ನೂರು ರೂಪಾಯಿ ಬೀಳುತ್ತದೆ. ಕೊಡಲಾಗದವರು ನೆಲ ಒರೆಸಲು ಬರುತ್ತಾರೆ.

ಮೊಬೈಲ್ ಚೀಲಗಳನ್ನು ತಿಂಡಿಯಾದ ಮೇಲೆ ಕೊಡಿ. ಪರದೆ ಬಿಚ್ಚುವುದು ಕೊನೆಯವರು ಮೆಟ್ಟಿಲಿಳಿದ ಮೇಲೆ.