ಅಭ್ಯರ್ಥಿ ನಿಜಕ್ಕೂ ಪ್ರಗತಿಪರರಾ? ಹೀಗೆ ಪರೀಕ್ಷಿಸಿ

ನಮ್ಮಲ್ಲಿ ಹನಿ ನೀರಾವರಿ ಹಾಕಿಸಿದವರು ಪ್ರಗತಿಪರ ರೈತರು. ಮೂಢನಂಬಿಕೆ ವಿರುದ್ಧ ಮಾತಾಡುವವರು ಪ್ರಗತಿಪರ ಚಿಂತಕರು. ಅಮೆರಿಕದಲ್ಲೂ ಈ ಪದ ಹೀಗೇ ಎಲ್ಲರ ಮನೆಗೂ ಹೋಗಿ ಬರುತ್ತದೆ. 1912ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪ್ರಗತಿಪರ ಪಕ್ಷ ಅಂತಲೇ ಹೆಸರಿಟ್ಟುಕೊಂಡು ಚುನಾವಣೆಗೆ ನಿಂತು ಸೋತರು. 2016ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಪೈಪೋಟಿಗಿಳಿದಿದ್ದ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ಟಿವಿ ಚರ್ಚೆಯಲ್ಲಿ ಈ ಪದ ಯಾರಿಗೆ ಸೇರಬೇಕು ಅಂತಲೇ ಜಟಾಪಟಿಗೆ ಇಳಿದರು.

ಅಲ್ಲಿ ಮತ ಹಾಕುವ ಕನ್ನಡಿಗರೂ ಇದ್ದಾರೆ, ಇಲ್ಲಿ ಕೂತು ವಾದ ಮಾಡುವವರಂತೂ ಬೇಕಾದಷ್ಟು. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ನೀವೇ ಪರೀಕ್ಷಿಸಬಹುದು. ಉದಾಹರಣೆಗೆ 2016ರ ಆ ಜೋಡಿಯನ್ನೇ ಇಟ್ಟುಕೊಳ್ಳೋಣ. ಕಾವು ಆರಿದೆ, ಮುಟ್ಟಿ ನೋಡಲು ಸುಲಭ.

ಮೊದಲು ನಿಮ್ಮ ಅಳತೆಗೋಲು ಬರೆದಿಡಿ. ಕೂಲಿ, ಆರೋಗ್ಯ, ಯುದ್ಧ, ಬಂದೂಕು: ಇಷ್ಟು ಸಾಕು. ಅಭ್ಯರ್ಥಿಯ ಪ್ರಚಾರ ಪುಟ ತೆರೆಯುವ ಮುಂಚೆಯೇ ಬರೆಯಬೇಕು. ಇಲ್ಲದಿದ್ದರೆ ಅವರ ಅಳತೆಗೋಲು ನಿಮ್ಮ ಕೈಗೆ ಬಂದು ಕೂರುತ್ತದೆ.

ಎರಡನೆಯದು, ಮತದ ದಾಖಲೆ. ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಅಮೆರಿಕದ ಸಂಸತ್ತಿನಲ್ಲಿ ಹೆಸರು ಕೂಗಿ ಹಾಕಿಸಿದ ಮತವೆಲ್ಲ ಜಾಲತಾಣದಲ್ಲಿ ಸಿಗುತ್ತದೆ. ಇವರಿಬ್ಬರೂ ಮೇಲ್ಮನೆಯಾದ ಸೆನೆಟ್‌ನಲ್ಲಿ ಜೊತೆಗಿದ್ದದ್ದು 2007ರಿಂದ 2009ರವರೆಗೆ. ಆಗ ಶೇ 93ರಷ್ಟು ಮತ ಒಂದೇ ಕಡೆ ಬಿದ್ದಿತ್ತು. ಹಾಗಾದರೆ ಜಗಳ ಯಾಕೆ? ಉಳಿದ ಶೇ 7ರಲ್ಲಿ ಮತ್ತು ಅದಕ್ಕೂ ಹಿಂದಿನ ದಾಖಲೆಯಲ್ಲಿ ಹುಡುಕಿ. 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ ಕ್ಲಿಂಟನ್ ಹೌದು ಅಂದರು, ಆಗ ಕೆಳಮನೆಯಲ್ಲಿದ್ದ ಸ್ಯಾಂಡರ್ಸ್ ಇಲ್ಲ ಅಂದರು. ಬಂದೂಕಿನ ವಿಷಯಕ್ಕೆ ಬಂದರೆ ತಕ್ಕಡಿ ಉಲ್ಟಾ. ಖರೀದಿಗೆ ಮುಂಚೆ ಹಿನ್ನೆಲೆ ತಪಾಸಣೆ ತಂದ 1993ರ ಬ್ರೇಡಿ ಮಸೂದೆಗೆ ಸ್ಯಾಂಡರ್ಸ್ ವಿರುದ್ಧ ಮತ ಹಾಕಿದ್ದರು. 2005ರಲ್ಲಿ ಬಂದೂಕು ತಯಾರಕರಿಗೆ ಮೊಕದ್ದಮೆಗಳಿಂದ ರಕ್ಷಣೆ ಕೊಟ್ಟ ಮಸೂದೆಗೆ ಬೆಂಬಲಿಸಿದರು. ಅವರ ವರ್ಮಾಂಟ್ ಬೇಟೆಗಾರರ ರಾಜ್ಯ, ನೆನಪಿರಲಿ.

ಇಲ್ಲೊಂದು ಎಚ್ಚರಿಕೆ. ಮಸೂದೆ ಅಂದರೆ ಒಂದೇ ಪದಾರ್ಥವಲ್ಲ, ಇಡೀ ಬಾಳೆಎಲೆ ಊಟ. 1994ರ ಅಪರಾಧ ಮಸೂದೆಯಲ್ಲಿ ಜೈಲು ಕಟ್ಟಲು ಹಣವೂ ಇತ್ತು, ಮಹಿಳೆಯರ ಮೇಲಿನ ದೌರ್ಜನ್ಯ ತಡೆಯೂ ಇತ್ತು. ಸ್ಯಾಂಡರ್ಸ್ ಅದಕ್ಕೆ ಹೌದು ಅಂದಿದ್ದರು. ಕ್ಲಿಂಟನ್‌ಗೆ ಆಗ ಮತವೇ ಇರಲಿಲ್ಲ, ಆದರೆ ಅಧ್ಯಕ್ಷರ ಪತ್ನಿಯಾಗಿ ಅದರ ಪರ ಮಾತಾಡಿದ್ದರು. ಬರೀ ಹೌದು, ಇಲ್ಲ ನೋಡಿ ತೀರ್ಪು ಕೊಡಬೇಡಿ.

ಮೂರನೆಯದು, ನಿಲುವು ಬದಲಿಸಿದ ದಿನಾಂಕ. ಬದಲಿಸುವುದು ತಪ್ಪಲ್ಲ, ಯಾವಾಗ ಬದಲಿಸಿದರು ಅನ್ನೋದೇ ಸಂಗತಿ. ಟಿಪಿಪಿ ಎಂಬ ಪೆಸಿಫಿಕ್ ವ್ಯಾಪಾರ ಒಪ್ಪಂದವನ್ನು ಕ್ಲಿಂಟನ್ 2012ರಲ್ಲಿ ಹೊಗಳಿದರು. 2015ರ ಅಕ್ಟೋಬರ್‌ನಲ್ಲಿ, ಪ್ರಚಾರದ ನಡುವೆ, ಬೇಡ ಅಂದರು. ಸಲಿಂಗ ವಿವಾಹಕ್ಕೆ ಅವರು ಬೆಂಬಲ ಹೇಳಿದ್ದು 2013ರ ಮಾರ್ಚ್‌ನಲ್ಲಿ. ಅಷ್ಟೊತ್ತಿಗೆ ಒಬಾಮಾ ಹೇಳಿ ಹತ್ತು ತಿಂಗಳಾಗಿತ್ತು. ಆ ವಿವಾಹಕ್ಕೆ ಕೇಂದ್ರದ ಮಾನ್ಯತೆ ತಪ್ಪಿಸಿದ 1996ರ ಕಾನೂನಿಗೆ ಸಹಿ ಹಾಕಿದವರು ಅವರ ಪತಿ, ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್. ಸ್ಯಾಂಡರ್ಸ್ ಅವತ್ತೇ ಅದನ್ನು ವಿರೋಧಿಸಿ ಮತ ಹಾಕಿದ್ದರು. ಗಾಳಿಗೆ ಎದುರಾಗಿ ಹಾಕಿದ ಮತಕ್ಕೆ ನಾನು ಎರಡು ಅಂಕ ಕೊಡುತ್ತೇನೆ.

ಆಮೇಲೆ ಅಂಕಿ ಕೇಳಿ. ಕೂಲಿ ಜಾಸ್ತಿ ಮಾಡ್ತೀವಿ ಅಂದರೆ ಎಷ್ಟು? ದೇಶದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಕ್ಲಿಂಟನ್ 12 ಅಂದರು, ಸ್ಯಾಂಡರ್ಸ್ 15 ಅಂದರು. ಅದನ್ನು ಏರಿಸಲು ಸಂಸತ್ತು ಕಾನೂನು ಮಾಡಬೇಕು, ಅಧ್ಯಕ್ಷರ ಸಹಿಯೊಂದೇ ಸಾಲದು. ಹಾಗಾಗಿ ಯಾವ ಭರವಸೆ ಯಾರ ಕೈಯಲ್ಲಿದೆ ಅಂತ ಪಕ್ಕದಲ್ಲೇ ಬರೆದುಕೊಳ್ಳಿ.

ಹಣದ ಲೆಕ್ಕವನ್ನೂ ಒಮ್ಮೆ ಇಣುಕಿ. 200 ಡಾಲರ್‌ಗಿಂತ ಜಾಸ್ತಿ ಕೊಟ್ಟವರ ಹೆಸರು ಚುನಾವಣಾ ಆಯೋಗದ ತಾಣದಲ್ಲಿ ಇರುತ್ತದೆ.

ಕೊನೆಗೆ, ನಿಮ್ಮ ಅಳತೆಗೋಲನ್ನೇ ತಿರುಗಿಸಿ ನೋಡಿ. 2007ರ ವಲಸೆ ಮಸೂದೆಯನ್ನು ಸ್ಯಾಂಡರ್ಸ್ ವಿರೋಧಿಸಿದರು. ಹೊರಗಿನಿಂದ ತಾತ್ಕಾಲಿಕವಾಗಿ ಕೆಲಸಗಾರರನ್ನು ತಂದರೆ ಅಲ್ಲಿನ ಕಾರ್ಮಿಕರ ಕೂಲಿ ಇಳಿಯುತ್ತದೆ ಅನ್ನೋದು ಅವರ ವಾದ. ಕಾರ್ಮಿಕ ಸಂಘದ ಕಡೆಯಿಂದ ನೋಡಿದರೆ ಇದು ಪ್ರಗತಿಪರವೇ. ಬೆಂಗಳೂರಲ್ಲಿ ವೀಸಾಕ್ಕೆ ಕಾಯುವ ಇಂಜಿನಿಯರ್‌ಗೆ ಹಾಗನ್ನಿಸುತ್ತದಾ? ನನ್ನ ಪಟ್ಟಿಯಲ್ಲಿ ಈ ಸಾಲಿಗೆ ಮೊದಲು ಟಿಕ್ ಹಾಕಿದ್ದೆ. ಆಮೇಲೆ ಅಳಿಸಿದೆ, ಮತ್ತೆ ಹಾಕಿದೆ. ಈಗ ಅಲ್ಲೊಂದು ಪ್ರಶ್ನೆ ಗುರುತಿದೆ.